ಅಮ್ಮನ ಕಿವಿಯಾಚೆಯ ಗಡ್ಡೆ: ಆಪರೇಷನ್‌ಗೆ ಇಷ್ಟು ಅವಸರ ಬೇಡ

ಪ್ರಶ್ನೆ: ಡಾಕ್ಟರೇ, ನಮ್ಮ ತಾಯಿಗೆ 58 ವರ್ಷ. ಮೂರು ವರ್ಷದಿಂದ ಬಲಗಿವಿಯಲ್ಲಿ ‘ಡುಬ್ ಡುಬ್’ ಅಂತ ಸದ್ದು ಬರುತ್ತದೆ ಎನ್ನುತ್ತಿದ್ದರು. ರಾತ್ರಿ ಮಲಗಿದಾಗ ಜಾಸ್ತಿಯಂತೆ. ಗುಗ್ಗೆ ಇರಬೇಕು ಎಂದುಕೊಂಡು ಎಣ್ಣೆ ಬಿಟ್ಟೆವು, ಡ್ರಾಪ್ಸ್ ಹಾಕಿದೆವು. ಈ ವರ್ಷ ಆ ಕಿವಿಗೆ ಫೋನ್ ಹಿಡಿದರೆ ಮಾತು ಸರಿಯಾಗಿ ಕೇಳುವುದಿಲ್ಲ ಎಂದಾಗ ದಾವಣಗೆರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ಮಾಡಿ, ತಲೆಬುರುಡೆಯ ತಳದಲ್ಲಿ 2.3 ಸೆಂಟಿಮೀಟರಿನ ‘ಗ್ಲೋಮಸ್ ಜುಗುಲಾರೆ’ ಎಂಬ ರಕ್ತನಾಳದ ಗಡ್ಡೆ ಇದೆ ಎಂದರು. ಆಮೇಲೆ ಬೆಂಗಳೂರಿಗೂ ಹೋಗಿಬಂದೆವು. ಒಬ್ಬರು ಕೂಡಲೇ ಆಪರೇಷನ್ ಮಾಡಿಸಿ, ತಡ ಮಾಡಿದರೆ ಮಿದುಳಿಗೆ ಹೋಗುತ್ತದೆ ಎಂದರು. ಇನ್ನೊಬ್ಬರು ಗಾಮಾ ನೈಫ್ ಸಾಕು ಎಂದರು. ಮೂರನೆಯವರು ಈಗ ಏನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ನಮ್ಮೂರಿನ ಕ್ಲಿನಿಕ್ಕಿನವರು ಕಿವಿಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಎನ್ನುತ್ತಿದ್ದಾರೆ. ಯಾರ ಮಾತು ಕೇಳಬೇಕು? ಅಮ್ಮನಿಗೆ ಗಡ್ಡೆ ಅಂತ ಹೇಳಿಲ್ಲ, ನರದ ತೊಂದರೆ ಎಂದಿದ್ದೇವೆ. ಅವರಿಗೆ ಬಿ.ಪಿ. ಇದೆ, ಮಾತ್ರೆ ತೆಗೆದುಕೊಂಡರೂ ಏರಿಳಿತ ಆಗುತ್ತಿರುತ್ತದೆ, ಆಗಾಗ ಇದ್ದಕ್ಕಿದ್ದಂತೆ ಬೆವರಿ ಎದೆ ಹೊಡೆದುಕೊಳ್ಳುತ್ತದೆ. ಅದು ಹೆದರಿಕೆಗೆ ಇರಬಹುದು. ನಮ್ಮ ಸೋದರಮಾವನಿಗೂ ಕತ್ತಿನ ಪಕ್ಕ ನಿಂಬೆಹಣ್ಣಿನಷ್ಟು ಗಂಟು ಬಹಳ ವರ್ಷದಿಂದ ಇದೆ, ನೋವಿಲ್ಲ ಅಂತ ತೋರಿಸಿಲ್ಲ. ಅವರ ಮಗನಿಗೇ ನನ್ನ ತಂಗಿಯನ್ನು ಕೊಡುವ ಮಾತಾಗಿದೆ. ಇದು ವಂಶದಲ್ಲಿ ಬರುವ ಕಾಯಿಲೆಯೇ? ದಯವಿಟ್ಟು ದಾರಿ ತೋರಿಸಿ.
– ಹೆಸರು ಬೇಡ, ಹಿರಿಯೂರು ತಾಲ್ಲೂಕು

ಉತ್ತರ: ತಂಗೀ, ನಿಮ್ಮ ತಾಯಿಗೆ ಯೋಚಿಸಿ ನಿರ್ಧರಿಸುವಷ್ಟು ಸಮಯ ಇದೆ. ಈ ಗಡ್ಡೆಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು, ಕೆಲವು ವರ್ಷಗಟ್ಟಲೆ ಅಲ್ಲಾಡದೆ ಕೂತಿರುವುದೂ ಉಂಟು. ಮೂರು ವರ್ಷದಿಂದ ಸದ್ದು ಕೇಳುತ್ತಿದೆ ಎಂದರೆ ಗಡ್ಡೆ ಅದಕ್ಕೂ ಎಷ್ಟೋ ಮೊದಲೇ ಅಲ್ಲಿತ್ತು. ಮುಂದಿನ ವಾರವೇ ಆಪರೇಷನ್ ಆಗಬೇಕು ಎಂದು ಯಾರಾದರೂ ಹೆದರಿಸಿದ್ದರೆ ಆ ಹೆದರಿಕೆಯನ್ನು ಪಕ್ಕಕ್ಕಿಡಿ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಗ್ಲೋಮಸ್ ಗಡ್ಡೆಗಳು ಬೇರೆ ಅಂಗಕ್ಕೆ ಹರಡುವುದಿಲ್ಲ. ನಮ್ಮ ಜನ ‘ಗಡ್ಡೆ’ ಎಂದ ಕೂಡಲೇ ಊಹಿಸಿಕೊಳ್ಳುವ ಕ್ಯಾನ್ಸರ್ ಇದಲ್ಲ.

ಎರಡನೆಯದು ಬಯಾಪ್ಸಿ. ಅದು ಬೇಡ, ಖಂಡಿತ ಬೇಡ. ಈ ಗಡ್ಡೆಯ ತುಂಬಾ ಸಣ್ಣ ರಕ್ತನಾಳಗಳೇ ತುಂಬಿರುತ್ತವೆ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂರಿಸಿಕೊಂಡು ಕಿವಿತಮಟೆಗೆ ಸೂಜಿ ಹಾಕಿದರೆ, ಚಿಮಟದಿಂದ ಚೂರು ಕಿತ್ತರೆ, ನಿಲ್ಲಿಸಲು ಕಷ್ಟವಾಗುವ ರಕ್ತಸ್ರಾವ ಆಗುತ್ತದೆ. ಇದರ ರೋಗನಿರ್ಣಯಕ್ಕೆ ಚೂರು ಬೇಕಾಗುವುದೂ ಇಲ್ಲ, ಚಿತ್ರಗಳೇ ಹೇಳಿಬಿಡುತ್ತವೆ. ಸಿಟಿಯಲ್ಲಿ ಜುಗುಲಾರ್ ರಂಧ್ರದ ಸುತ್ತಲಿನ ಮೂಳೆ ಹುಳು ತಿಂದಂತೆ ಅಂಕುಡೊಂಕಾಗಿ ಸವೆದಿರುತ್ತದೆ. ಎಂಆರ್‌ಐಯಲ್ಲಿ ಬಿಳಿ ಚುಕ್ಕೆ, ಕಪ್ಪು ಚುಕ್ಕೆ ಬೆರೆತು ಕಾಣುತ್ತದೆ. ಅದಕ್ಕೆ ರೇಡಿಯಾಲಜಿಯವರು ‘ಉಪ್ಪು-ಮೆಣಸು’ ಚಿತ್ರ ಎಂದೇ ಹೆಸರಿಟ್ಟಿದ್ದಾರೆ. ಆ ಕಪ್ಪು ಚುಕ್ಕೆಗಳೆಲ್ಲ ರಭಸದಿಂದ ರಕ್ತ ಹರಿಯುವ ನಾಳಗಳು. ದುರ್ಬೀನು ಹಾಕಿ ಕಿವಿಯೊಳಗೆ ನೋಡಿದ ಇಎನ್‌ಟಿ ವೈದ್ಯರಿಗೆ ತಮಟೆಯ ಹಿಂದೆ, ಕೆಳಗಡೆ, ಕೆಂಪಗೆ ಮಿಡಿಯುವ ಒಂದು ಉಬ್ಬು ಕಾಣುತ್ತದೆ. ಕಿವಿಯೊಳಗೆ ಸ್ವಲ್ಪ ಗಾಳಿ ಒತ್ತಿದರೆ ಆ ಕೆಂಪು ಕ್ಷಣಕಾಲ ಬಿಳಿಚಿಕೊಂಡು ಮತ್ತೆ ತುಂಬಿಕೊಳ್ಳುತ್ತದೆ. ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ.

ಮನೆಯಲ್ಲಿ ನೀವೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಅಮ್ಮನ ಮಣಿಕಟ್ಟಿನ ನಾಡಿ ಹಿಡಿದು ಕೂತುಕೊಳ್ಳಿ. ಕಿವಿಯಲ್ಲಿ ಸದ್ದು ಬಂದಾಗಲೆಲ್ಲ ಬೆರಳು ತಟ್ಟಲು ಅವರಿಗೆ ಹೇಳಿ. ನಾಡಿಯೂ ಬೆರಳೂ ಒಟ್ಟಿಗೇ ಬಿದ್ದರೆ ಅದು ರಕ್ತ ಹರಿಯುವ ಸದ್ದು. ವಯಸ್ಸಾದವರ ಕಿವಿಯಲ್ಲಿ ಜುಯ್ಯೆನ್ನುವ, ಸಿಳ್ಳೆ ಹಾಕಿದಂತಹ ಸದ್ದಿಗೂ ಇದಕ್ಕೂ ಸಂಬಂಧವಿಲ್ಲ. ಈ ಅಂಕಣ ಓದುವ ಬೇರೆಯವರಿಗೆ ಹೇಳುವುದಾದರೆ, ನಾಡಿಯ ತಾಳಕ್ಕೆ ಬರುವ ಸದ್ದೆಲ್ಲ ಗಡ್ಡೆಯಲ್ಲ. ರಕ್ತಹೀನತೆ, ಥೈರಾಯ್ಡ್, ಬಿ.ಪಿ., ಮಿದುಳಿನ ನೀರಿನ ಒತ್ತಡ ಹೆಚ್ಚಾಗುವುದು, ಹುಟ್ಟಿನಿಂದಲೇ ಎತ್ತರದಲ್ಲಿರುವ ಜುಗುಲಾರ್ ರಕ್ತನಾಳ, ಇವುಗಳಿಂದಲೂ ಬರುತ್ತದೆ. ಆದರೆ ಒಂದೇ ಕಿವಿಯಲ್ಲಿ ಹೀಗೆ ಸದ್ದು ಬರುತ್ತಿದ್ದರೆ ಎಣ್ಣೆ ಬಿಟ್ಟುಕೊಂಡು ವರ್ಷ ಕಳೆಯದೆ ಇಎನ್‌ಟಿ ವೈದ್ಯರಿಗೆ ತೋರಿಸಬೇಕು.

ಈಗ ಗಡ್ಡೆಯ ವಿಷಯ. ರಕ್ತನಾಳದ ಗಡ್ಡೆ ಎನ್ನುತ್ತಾರೆ, ಆದರೆ ಅಲ್ಲಿ ಬೆಳೆಯುವುದು ನರಗಳ ಜೊತೆ ಅಂಟಿಕೊಂಡಿರುವ ಪ್ಯಾರಾಗ್ಯಾಂಗ್ಲಿಯಾ ಎಂಬ ಪುಟ್ಟ ಕೋಶಗುಂಪು. ಮಿದುಳಿನ ಕೊಳೆರಕ್ತವನ್ನು ಕೆಳಗಿಳಿಸುವ ಜುಗುಲಾರ್ ರಕ್ತನಾಳ ಕಿವಿಯ ಕೆಳಗೆ ಉಬ್ಬಿ ಬಾಗುವ ಜಾಗದಲ್ಲಿ ಈ ಕೋಶಗಳು ಇವೆ ಎಂದು ಮೊದಲು ತೋರಿಸಿದವರು ಅಮೆರಿಕದ ಸ್ಟೇಸಿ ಗಿಲ್ಡ್, 1941ರಲ್ಲಿ. ನಾಲ್ಕು ವರ್ಷದ ನಂತರ ಹ್ಯಾರಿ ರೋಸೆನ್‌ವಾಸರ್ ಕಿವಿಯಿಂದ ತೆಗೆದ ಒಂದು ಗಡ್ಡೆಯನ್ನು ಇದೇ ಕೋಶಗಳದ್ದೆಂದು ಗುರುತಿಸಿದರು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರಬಹುದಾದ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು, ಅದರಲ್ಲೂ ನಲವತ್ತು ದಾಟಿದ ಮೇಲೆ. ಮೊಬೈಲಿನಿಂದಲ್ಲ, ಕಿವಿಗೆ ಎಣ್ಣೆ ಬಿಟ್ಟಿದ್ದರಿಂದಲೂ ಅಲ್ಲ. ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ಲ.

ಗಡ್ಡೆ ಚಿಕ್ಕದು. ಕಷ್ಟವಿರುವುದು ಅದು ಕೂತ ಜಾಗದಲ್ಲಿ. ಆ ಕಿಂಡಿಯ ಮುಂದೆ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ. ಒಳಗೆ ಜುಗುಲಾರ್ ನಾಳ. ಅದರ ಒಳಗೋಡೆಗೆ ಆತುಕೊಂಡಂತೆ ಮೂರು ನರಗಳು: ಒಂದು ಗಂಟಲಿನ ಸ್ಪರ್ಶಕ್ಕೆ, ಒಂದು ನುಂಗುವುದಕ್ಕೆ ಮತ್ತು ದನಿಗೆ, ಒಂದು ಭುಜ ಎತ್ತುವುದಕ್ಕೆ. ತುಸು ಕೆಳಗೆ ನಾಲಿಗೆಯ ನರ. ಹೊರಗಡೆ, ಕಿವಿಯ ಹಿಂದಿನ ಮೂಳೆಯೊಳಗೆ ಮುಖದ ನರ. ಇಷ್ಟೆಲ್ಲ ಒಂದು ಹೆಬ್ಬೆರಳಿನ ತುದಿಯಷ್ಟು ಜಾಗದಲ್ಲಿ. ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಈ ಗಡ್ಡೆಗೆ ಮೂರು ದಾರಿಗಳೂ ಇವೆ. ನಿಮ್ಮ ತಾಯಿಗೆ ಯಾವುದು ಎಂಬುದನ್ನು ತೀರ್ಮಾನಿಸಬೇಕಾದದ್ದು ಈ ನರಗಳನ್ನು ನೋಡಿ, ಗಡ್ಡೆಯ ಅಳತೆಯನ್ನಷ್ಟೇ ನೋಡಿ ಅಲ್ಲ.

ಅದಕ್ಕೂ ಮೊದಲು ನಿಮ್ಮ ಪತ್ರದ ಒಂದು ಸಾಲಿನ ಬಗ್ಗೆ ಹೇಳಬೇಕು. ಬಿ.ಪಿ. ಏರಿಳಿತ, ಇದ್ದಕ್ಕಿದ್ದಂತೆ ಬೆವರು, ಎದೆ ಹೊಡೆದುಕೊಳ್ಳುವುದು. ಹೆದರಿಕೆಗೆ ಎಂದು ನೀವು ಬರೆದಿದ್ದೀರಿ. ಇರಬಹುದು. ಆದರೆ ಪ್ಯಾರಾಗ್ಯಾಂಗ್ಲಿಯಾ ಕೋಶಗಳು ಅಡ್ರಿನಾಲಿನ್ ಜಾತಿಯ ರಸಗಳನ್ನು ತಯಾರಿಸಬಲ್ಲವು. ಕಿವಿಯ ಹತ್ತಿರದ ಗಡ್ಡೆಗಳಲ್ಲಿ ನೂರಕ್ಕೆ ಒಂದರಿಂದ ಮೂರು ಮಾತ್ರ ಹೀಗೆ ಮಾಡುತ್ತವೆ, ನಿಜ. ಹಾಗೆ ಮಾಡುವ ಗಡ್ಡೆಯನ್ನು ಗೊತ್ತಿಲ್ಲದೆ ಆಪರೇಷನ್ ಟೇಬಲ್ ಮೇಲೆ ಮುಟ್ಟಿದರೆ ಬಿ.ಪಿ. ಏಕಾಏಕಿ ನೆತ್ತಿಗೇರಿ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಈ ರಸಗಳನ್ನು ಪತ್ತೆಹಚ್ಚುವ ಮೆಟಾನೆಫ್ರಿನ್ ಪರೀಕ್ಷೆ ಮಾಡಿಸದೆ ಈ ಗಡ್ಡೆಗೆ ಯಾರೂ ಕೈ ಹಾಕಬಾರದು. ರಕ್ತದಲ್ಲಾದರೂ ಮಾಡಬಹುದು, 24 ಗಂಟೆ ಸಂಗ್ರಹಿಸಿದ ಮೂತ್ರದಲ್ಲಾದರೂ ಮಾಡಬಹುದು. ರಕ್ತ ಕೊಡುವುದಾದರೆ ಅಮ್ಮ ಇಪ್ಪತ್ತು ಮೂವತ್ತು ನಿಮಿಷ ಸುಮ್ಮನೆ ಮಲಗಿದ್ದು ಆಮೇಲೆ ಕೊಡಬೇಕು, ಆ ದಿನ ಬೆಳಿಗ್ಗೆ ಕಾಫಿ ಬೇಡ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರನ್ನೂ ಲ್ಯಾಬಿಗೆ ಹೇಳಿ, ಕೆಲವು ಮಾತ್ರೆಗಳು ಫಲಿತಾಂಶ ಕೆಡಿಸುತ್ತವೆ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಮೆಟಾನೆಫ್ರಿನ್ ಹೆಚ್ಚಿದ್ದರೆ ಹೊಟ್ಟೆಯ ಸ್ಕ್ಯಾನ್ ಕೂಡ ಆಗಬೇಕು. ಇಂಥವರಲ್ಲಿ ಅಡ್ರಿನಲ್ ಗ್ರಂಥಿಯಲ್ಲೋ ಹೊಟ್ಟೆಯಲ್ಲೋ ಇನ್ನೊಂದು ಗಡ್ಡೆ ಅಡಗಿರುವ ಸಾಧ್ಯತೆ ಇರುತ್ತದೆ. ಆಪರೇಷನ್ ಆಗುವುದಾದರೆ ಹತ್ತು ಹದಿನಾಲ್ಕು ದಿನ ಮೊದಲಿನಿಂದಲೇ ಆಲ್ಫಾ ಬ್ಲಾಕರ್ ಎಂಬ ಔಷಧ ಶುರು ಮಾಡಬೇಕು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಆಮೇಲಿನದು, ಅದನ್ನು ಮೊದಲು ಕೊಟ್ಟರೆ ಅಪಾಯ. ಇಡೀ ದೇಹದಲ್ಲಿ ಇಂಥ ಕೋಶಗಳನ್ನು ಹುಡುಕಲು ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ ಬೆಂಗಳೂರಿನಲ್ಲೇ ಸಿಗುತ್ತದೆ. ಮಾವನ ಕತ್ತಿನ ಗಂಟಿನ ವಿಷಯ ಓದಿದ ಮೇಲೆ ನಿಮ್ಮ ತಾಯಿಗೆ ಅದು ಬೇಕು ಎಂದೇ ನನ್ನ ಅಭಿಪ್ರಾಯ.

ಮೊದಲು ಸರ್ಜರಿಯನ್ನೇ ನೋಡೋಣ. ಅದನ್ನು ಮಾಡುವ ಕ್ರಮವನ್ನು 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಉಗೋ ಫಿಶ್ ಎಂಬ ಕಿವಿ ಸರ್ಜನ್ ರೂಪಿಸಿದರು. ಅವರಿಗಿಂತ ಮೊದಲು ಇಂಥ ಗಡ್ಡೆ ಪೂರ್ತಿ ತೆಗೆಯುವುದು ಎಂದರೆ ಬಹುಮಟ್ಟಿಗೆ ಕೈಲಾಗದ ಕೆಲಸ. ಇವತ್ತಿಗೂ ಗಡ್ಡೆಯನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುವುದು ಅವರ ಲೆಕ್ಕದಲ್ಲೇ. ಎ ಎಂದರೆ ಗಡ್ಡೆ ಕಿವಿಯೊಳಗಷ್ಟೇ ಇದೆ. ಅದನ್ನು ಕಿವಿಯ ಮೂಲಕವೇ ತೆಗೆಯಬಹುದು, ಹಾಗೆ ತೆಗೆಸಿಕೊಂಡವರು ಬಹುಪಾಲು ಪೂರ್ತಿ ಗುಣವಾಗುತ್ತಾರೆ. ನಿಮ್ಮ ತಾಯಿಯದು ಅದಲ್ಲ. ಜುಗುಲಾರ್ ಕಿಂಡಿಯಲ್ಲೇ ಹುಟ್ಟಿದ್ದು, ಸಿ ಗುಂಪಿನದು.

ಆಪರೇಷನ್ನಿನ ಒಂದೆರಡು ದಿನ ಮುಂಚೆ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಕತ್ತಿನವರೆಗೆ ಒಯ್ಯುತ್ತಾರೆ. ಗಡ್ಡೆಗೆ ರಕ್ತ ಉಣಿಸುವ ನಾಳ ಯಾವುದು ಎಂದು ಆಂಜಿಯೋಗ್ರಾಂನಲ್ಲಿ ನೋಡಿ, ಸಾಮಾನ್ಯವಾಗಿ ಅದು ಗಂಟಲಿನ ಹಿಂದೆ ಮೇಲಕ್ಕೇರುವ ಒಂದು ತೆಳು ಕವಲು, ಅದರೊಳಗೆ ಮರಳಿನಂಥ ಕಣಗಳನ್ನೋ ಅಂಟನ್ನೋ ಬಿಟ್ಟು ಮುಚ್ಚುತ್ತಾರೆ. ಇದೇ ಎಂಬೊಲೈಸೇಷನ್. ಇದರಿಂದ ರಕ್ತಸ್ರಾವ ಗಣನೀಯವಾಗಿ ಕಡಿಮೆಯಾಗುತ್ತದೆ. ಆದರೆ ಅದೇ ಕವಲಿನಿಂದ ನರಗಳಿಗೂ ರಕ್ತ ಹೋಗುತ್ತದೆ, ಮಿದುಳಿನ ನಾಳಗಳಿಗೂ ಕಣ್ಣಿಗೆ ಕಾಣದಂಥ ಸಂಪರ್ಕ ಇರಬಹುದು. ಕೈ ಪಳಗಿದವರಷ್ಟೇ ಮಾಡಬೇಕಾದ ಕೆಲಸ ಅದು.

ಆಪರೇಷನ್ ದಿನ ಕಿವಿಯ ಹಿಂದಿನಿಂದ ಕತ್ತಿನವರೆಗೆ ಬಾಗಿದ ಗೀರು ಹಾಕುತ್ತಾರೆ. ಮೈಕ್ರೋಸ್ಕೋಪ್ ಕೆಳಗೆ ಡ್ರಿಲ್ಲಿನಿಂದ ಕಿವಿಯ ಹಿಂದಿನ ಮೂಳೆಯನ್ನು ತೆಳ್ಳಗೆ ಕೊರೆಯುತ್ತಾ ಹೋದಂತೆ ಮುಖದ ನರ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಗಡ್ಡೆ ಅದರ ಆಚೆಗಿರುವುದರಿಂದ, ಬಹಳ ಸಲ, ಆ ನರವನ್ನೇ ಮೂಳೆಯ ಕಾಲುವೆಯಿಂದ ಬಿಡಿಸಿ ಮುಂದಕ್ಕೆ ಸರಿಸಿಡಬೇಕಾಗುತ್ತದೆ. ಕತ್ತಿನಲ್ಲಿ ಜುಗುಲಾರ್ ನಾಳವನ್ನು ಕಟ್ಟುತ್ತಾರೆ, ಮೇಲುಗಡೆ ಅದಕ್ಕೆ ಸೇರುವ ದೊಡ್ಡ ನಾಳವನ್ನು ಮುಚ್ಚುತ್ತಾರೆ, ನಡುವಿನ ಗಡ್ಡೆಯನ್ನು ನಾಳದ ಗೋಡೆಯ ಸಮೇತ ಬಿಡಿಸುತ್ತಾರೆ. ಕೊನೆಯ ಹಂತವೇ ಅತಿ ಕಠಿಣ. ಒಳಗೋಡೆಯಲ್ಲಿ ಇನ್ನೊಂದು ಸಣ್ಣ ನಾಳದ ಬಾಯಿಗಳು ತೆರೆದುಕೊಂಡು ರಕ್ತ ಒಸರುತ್ತದೆ. ಅದನ್ನು ನಿಲ್ಲಿಸಲು ಏನನ್ನಾದರೂ ತುರುಕಲೇಬೇಕು. ತುರುಕುವ ಜಾಗದ ಪಕ್ಕದಲ್ಲೇ ನಾನು ಹೇಳಿದ ಮೂರು ನರಗಳು. ಒಂದು ಎಳೆ ಜಾಸ್ತಿ ಒತ್ತಿದರೂ ಅವು ಸೋಲುತ್ತವೆ. ಕೊನೆಗೆ ಹೊಟ್ಟೆಯಿಂದ ತೆಗೆದ ಕೊಬ್ಬನ್ನು ಗುಂಡಿಗೆ ತುಂಬಿ, ಕಿವಿಯ ಹೊರಬಾಯಿಯನ್ನು ಹೊಲಿದು ಮುಚ್ಚುತ್ತಾರೆ. ಒಳ್ಳೆಯ ತಂಡದ ಕೈಯಲ್ಲಿ ಇಡೀ ದಿನ ಹಿಡಿಯಬಹುದಾದ ಕೆಲಸ.

ಈ ಕ್ರಮದಲ್ಲಿ ಆಪರೇಷನ್ ಆದರೆ ಆ ಕಿವಿಯಲ್ಲಿ ಗಾಳಿಯ ಮೂಲಕ ಬರುವ ಸದ್ದು ಮತ್ತೆ ಕೇಳುವುದಿಲ್ಲ, ಕಾಲುವೆಯೇ ಮುಚ್ಚಿಹೋಗಿರುತ್ತದೆ. ಸರಿಸಿದ ಮುಖದ ನರ ಕೆಲವು ತಿಂಗಳು ಸೋತಿರುತ್ತದೆ, ಬಹುಪಾಲು ಜನರಲ್ಲಿ ಮರಳಿ ಬರುತ್ತದೆ, ಆದರೆ ನೂರಕ್ಕೆ ನೂರು ಅಲ್ಲ. ನನಗೆ ನಿಜವಾಗಿ ಕಾಳಜಿ ಇರುವುದು ಗಂಟಲಿನ ನರಗಳ ಬಗ್ಗೆ. ಇವತ್ತು ನಿಮ್ಮ ತಾಯಿ ಸರಾಗವಾಗಿ ಮಾತಾಡುತ್ತಾರೆ, ಮುದ್ದೆ ನುಂಗುತ್ತಾರೆ. ಬೆಳಿಗ್ಗೆ ಸರಿಯಿದ್ದ ಆ ನರಗಳು ಸಂಜೆಗೆ ಇಲ್ಲವಾದರೆ ಬಲಗಡೆಯ ಗಂಟಲು ಪೂರ್ತಿ ಸೋಲುತ್ತದೆ. ದನಿ ಉಸಿರಿನಂತಾಗುತ್ತದೆ, ಕುಡಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಅದರಿಂದ ನ್ಯುಮೋನಿಯಾ. ಇಪ್ಪತ್ತೈದರ ಹುಡುಗ ಆದರೆ ಕೆಲವು ವಾರಗಳಲ್ಲಿ ಇನ್ನೊಂದು ಪಕ್ಕದಿಂದಲೇ ನುಂಗಲು ಕಲಿತುಬಿಡುತ್ತಾನೆ. ಅರವತ್ತರ ಹತ್ತಿರ ಬಂದವರಿಗೆ ಅದು ಅಷ್ಟು ಸುಲಭವಲ್ಲ, ಮೂಗಿನ ನಳಿಕೆಯಲ್ಲಿ ತಿಂಗಳುಗಟ್ಟಲೆ ಊಟ ಕೊಡಬೇಕಾಗಬಹುದು. ವಿಚಿತ್ರವೆಂದರೆ, ಗಡ್ಡೆಯೇ ವರ್ಷಗಟ್ಟಲೆ ತೆಗೆದುಕೊಂಡು ಈ ನರಗಳನ್ನು ಕೊಂದಿದ್ದರೆ ದೇಹ ಅಷ್ಟರೊಳಗೆ ಹೊಂದಿಕೊಂಡಿರುತ್ತದೆ. ಅಂಥವರಿಗೆ ಆಪರೇಷನ್ ಮಾಡಿದರೂ ಹೊಸದಾಗಿ ಕಳೆದುಕೊಳ್ಳುವುದು ಕಡಿಮೆ. ಎಲ್ಲ ನರಗಳೂ ಚೆನ್ನಾಗಿರುವ, ವಯಸ್ಸಾಗುತ್ತಿರುವ ನಿಮ್ಮ ತಾಯಿಯಂಥವರಿಗೇ ನಷ್ಟ ಹೆಚ್ಚು.

ಗಾಮಾ ನೈಫ್‌ನಲ್ಲಿ ಕೊಯ್ಯುವುದು ಏನೂ ಇಲ್ಲ. ತಲೆಯನ್ನು ಅಲ್ಲಾಡದಂತೆ ಹಿಡಿದು, ನೂರಾರು ಸಣ್ಣ ಗಾಮಾ ಕಿರಣಗಳು ಗಡ್ಡೆಯೊಂದರಲ್ಲೇ ಬಂದು ಕೂಡುವಂತೆ ಲೆಕ್ಕ ಹಾಕಿ, ಒಂದೇ ದಿನದಲ್ಲಿ ಮುಗಿಸುತ್ತಾರೆ. ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಇದರಿಂದ ಗಡ್ಡೆಯ ಬೆಳವಣಿಗೆ ನಿಲ್ಲುತ್ತದೆ. ಗಂಟಲಿನ ನರಗಳಿಗೆ ಹೊಸ ಪೆಟ್ಟು ಬೀಳುವುದು ಆಪರೇಷನ್ನಿಗೆ ಹೋಲಿಸಿದರೆ ಬಹಳ ಕಡಿಮೆ. ಆದರೆ ಒಂದನ್ನು ಮನಸ್ಸಿನಲ್ಲಿಡಿ: ಗಡ್ಡೆ ಮಾಯವಾಗುವುದಿಲ್ಲ. ಮುಂದಿನ ಸ್ಕ್ಯಾನಿನಲ್ಲೂ ಅಲ್ಲೇ ಕಾಣುತ್ತದೆ. ಬೆಳೆಯದಿದ್ದರೆ ಅದೇ ಗೆಲುವು. ಸದ್ದು ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಇಲ್ಲ. ಗಡ್ಡೆ ಮೂರು ಸೆಂಟಿಮೀಟರಿಗಿಂತ ಬಹಳ ದೊಡ್ಡದಾದರೆ ಒಂದೇ ದಿನದ ಡೋಸ್ ಸೂಕ್ತವಾಗುವುದಿಲ್ಲ, ಐದು ವಾರ ಹಂತ ಹಂತವಾಗಿ ರೇಡಿಯೇಷನ್ ಕೊಡುತ್ತಾರೆ. ನಿಮ್ಮ ತಾಯಿಯದು ಆ ಮಿತಿಯೊಳಗಿದೆ.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಅವರ ದನಿ, ನುಂಗುವಿಕೆ, ನಾಲಿಗೆ, ಭುಜ, ಮುಖ ಎಲ್ಲ ಸರಿಯಾಗಿದ್ದರೆ, ಮೆಟಾನೆಫ್ರಿನ್ ಹೆಚ್ಚಿಲ್ಲದಿದ್ದರೆ, ಮಿದುಳಿನ ಕಾಂಡವನ್ನು ಗಡ್ಡೆ ಒತ್ತುತ್ತಿಲ್ಲದಿದ್ದರೆ, ಪೂರ್ತಿ ತೆಗೆಯುವ ದೊಡ್ಡ ಆಪರೇಷನ್ ಈಗ ಬೇಡ. ಆರು ತಿಂಗಳು ಬಿಟ್ಟು ಎಂಆರ್‌ಐ ಮಾಡಿಸಿ. ಬೆಳೆದಿದ್ದರೆ ಗಾಮಾ ನೈಫ್. ಬೆಳೆಯದಿದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಹೋಗುವುದೂ ಚಿಕಿತ್ಸೆಯೇ. ಮೂರನೆಯ ವೈದ್ಯರು ‘ಏನೂ ಬೇಡ’ ಎಂದದ್ದು ಉದಾಸೀನದಿಂದಲ್ಲ. ಇನ್ನು, ಸದ್ದಿನಿಂದ ರಾತ್ರಿ ನಿದ್ದೆಯೇ ಇಲ್ಲದಂತಾಗಿದ್ದರೆ, ಕಿವಿಯಿಂದ ಪದೇ ಪದೇ ರಕ್ತ ಬರುತ್ತಿದ್ದರೆ, ಕಿವಿಯೊಳಗಿನ ಭಾಗವನ್ನು ಮಾತ್ರ ತೆಗೆದು ನರಗಳ ಬಳಿಯದನ್ನು ಬಿಟ್ಟು, ಉಳಿದದ್ದಕ್ಕೆ ಗಾಮಾ ನೈಫ್ ಕೊಡುವ ನಡುದಾರಿಯೂ ಇದೆ. ಇತ್ತೀಚಿನ ವರ್ಷಗಳಲ್ಲಿ ಅನುಭವಿ ಸರ್ಜನ್ನರೇ ಆ ಕಡೆ ವಾಲುತ್ತಿದ್ದಾರೆ. ‘ಪೂರ್ತಿ ತೆಗೆದೆ’ ಎಂದು ಹೇಳಿಕೊಳ್ಳುವುದಕ್ಕಿಂತ ರೋಗಿ ತನ್ನ ಬಾಯಿಂದಲೇ ಊಟ ಮಾಡಿಕೊಂಡು ಮನೆಗೆ ಹೋಗುವುದು ದೊಡ್ಡದು ಎಂದು ನಾನು ನಂಬುತ್ತೇನೆ.

ಆದರೆ ದನಿ ಒಡೆಯಲು ಶುರುವಾದರೆ, ನೀರು ಕುಡಿದಾಗ ಕೆಮ್ಮು ಬಂದರೆ, ನಾಲಿಗೆ ಒಂದು ಕಡೆ ವಾಲಿದರೆ, ಬಾಯಿ ಸೊಟ್ಟಗಾದರೆ ಆರು ತಿಂಗಳು ಕಾಯಬೇಡಿ.

ಆಪರೇಷನ್ನೇ ಸರಿ ಎಂದು ತೀರ್ಮಾನವಾದರೆ ಸರ್ಜನ್ನರನ್ನು ಸಂಕೋಚಪಡದೆ ಕೇಳಿ. ಈ ಗಡ್ಡೆಯನ್ನು ನೀವು ಎಷ್ಟು ಸಲ ಮಾಡಿದ್ದೀರಿ? ಎಂಬೊಲೈಸೇಷನ್ ಮಾಡುವವರು, ನ್ಯೂರೋಸರ್ಜನ್, ಕಿವಿ ಸರ್ಜನ್ ಒಂದೇ ಆಸ್ಪತ್ರೆಯಲ್ಲಿದ್ದಾರಾ? ನರಗಳ ಮೇಲೆ ನಿಗಾ ಇಡುವ ಯಂತ್ರ ಇದೆಯಾ? ಆಪರೇಷನ್ ಆದ ಮರುದಿನವೇ ನುಂಗುವುದನ್ನು ಕಲಿಸಲು ಥೆರಪಿಸ್ಟ್ ಬರುತ್ತಾರಾ? ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡವರ ಹತ್ತಿರ ಮಾಡಿಸಬೇಡಿ.

ಕೊನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಂಟಲು ಸೋತವರಿಗೆ ಗಟ್ಟಿ ಊಟ ಕಷ್ಟ, ನೀರು ಸುಲಭ ಎಂದು ಮನೆಯವರು ತಿಳಿದುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು. ನೀರು, ತೆಳು ಮಜ್ಜಿಗೆ, ಕಾಫಿ ಗಂಟಲು ಸಜ್ಜಾಗುವ ಮೊದಲೇ ಸರ್ರನೆ ಜಾರಿ ಶ್ವಾಸನಾಳಕ್ಕೆ ಇಳಿಯುತ್ತವೆ. ದಪ್ಪಗೆ ಕಾಯಿಸಿದ ರಾಗಿ ಅಂಬಲಿ, ನುಣ್ಣಗೆ ಕಲಸಿದ ಮೊಸರನ್ನ ನಿಧಾನಕ್ಕೆ ಇಳಿಯುತ್ತವೆ. ನುಂಗುವಾಗ ಮುಖವನ್ನು ಸೋತ ಪಕ್ಕಕ್ಕೇ ತಿರುಗಿಸಿ ಗದ್ದ ತಗ್ಗಿಸಿದರೆ ಆ ಬದಿಯ ದಾರಿ ಮುಚ್ಚಿಕೊಂಡು ಊಟ ಗಟ್ಟಿಯಾದ ಪಕ್ಕದಿಂದ ಇಳಿಯುತ್ತದೆ. ಯಾರಿಗೆ ಯಾವ ಭಂಗಿ ಎಂಬುದನ್ನು ಥೆರಪಿಸ್ಟ್ ಪರೀಕ್ಷಿಸಿಯೇ ಹೇಳಬೇಕು. ದನಿಗೂ ದಾರಿ ಇದೆ, ಸೋತ ಧ್ವನಿತಂತುವನ್ನು ಸಣ್ಣ ಆಪರೇಷನ್ನಿನಿಂದ ನಡುವಿಗೆ ಸರಿಸಬಹುದು. ಕಿವಿ ಪರೀಕ್ಷೆ, ಶ್ರವಣಸಾಧನ, ಮಾತು ಮತ್ತು ನುಂಗುವಿಕೆಯ ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಆಪರೇಷನ್ ಆಗಲಿ ಬಿಡಲಿ, ಅಮ್ಮನ ಎರಡೂ ಕಿವಿಯ ಶ್ರವಣವನ್ನು ಈಗಲೇ ಅಳೆಸಿ ದಾಖಲೆ ಇಟ್ಟುಕೊಳ್ಳಿ.

ಇನ್ನು ಸೋದರಮಾವ. ಅವರ ಕತ್ತಿನ ಗಂಟನ್ನು ನೋಡದೆ ಏನೆಂದು ಹೇಳಲಾರೆ. ಆದರೆ ಸೋದರಿಗೆ ಗ್ಲೋಮಸ್ ಗಡ್ಡೆ, ಸೋದರನಿಗೆ ಕತ್ತಿನ ಪಕ್ಕ ನೋವಿಲ್ಲದ, ನಿಧಾನವಾಗಿ ಬೆಳೆದ ಗಂಟು ಎಂದರೆ ಎರಡೂ ಒಂದೇ ಜಾತಿಯವು ಎಂದು ಅನುಮಾನಿಸಲೇಬೇಕು. ಕೆರೋಟಿಡ್ ನಾಳ ಕವಲೊಡೆಯುವಲ್ಲಿ ಬರುವ ಈ ಗಂಟನ್ನು ಬೆರಳಿನಿಂದ ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಬಹುದು, ಮೇಲೆ ಕೆಳಗೆ ಅಲ್ಲಾಡುವುದಿಲ್ಲ. ಅದಕ್ಕೂ ಸೂಜಿ ಚುಚ್ಚಿಸಬೇಡಿ, ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಪ್ಯಾರಾಗ್ಯಾಂಗ್ಲಿಯಾ ಗಡ್ಡೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ವಂಶವಾಹಿಯಾಗಿ ಬರುತ್ತವೆ. ಕಾರಣ ಹೆಚ್ಚಾಗಿ ಎಸ್‌ಡಿಎಚ್ ಎಂಬ ಗುಂಪಿನ ಜೀನ್‌ಗಳಲ್ಲಿ ಆಗುವ ಬದಲಾವಣೆ. ಇದ್ದವರ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಇದರಲ್ಲಿ ಎಸ್‌ಡಿಎಚ್‌ಡಿ ಎಂಬ ಜೀನ್‌ನದು ಒಂದು ವಿಶೇಷ ನಡತೆ: ತಂದೆಯಿಂದ ಬಂದರೆ ಗಡ್ಡೆ ಬರುತ್ತದೆ, ತಾಯಿಯಿಂದ ಬಂದರೆ ಬರುವುದು ತೀರಾ ಅಪರೂಪ. ಹಾಗಾಗಿ ಅದು ಒಂದು ತಲೆಮಾರು ಬಿಟ್ಟು ಕಾಣಿಸಿಕೊಳ್ಳುವುದುಂಟು, ‘ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ’ ಎಂದು ಜನ ಹೇಳುವುದೂ ಅದಕ್ಕೇ. ನಿಮ್ಮ ಮನೆಯಲ್ಲಿರುವುದು ಆ ಜೀನೇ ಆಗಿದ್ದರೆ ನಿಮಗೂ ನಿಮ್ಮ ತಂಗಿಗೂ ಅದು ಬಂದಿದ್ದರೂ ತಾಯಿಯಿಂದ ಬಂದದ್ದು, ಅಪಾಯ ಕಡಿಮೆ. ನಿಮ್ಮ ಮಾವನ ಮಕ್ಕಳಿಗೆ ಬಂದಿದ್ದರೆ ತಂದೆಯಿಂದ ಬಂದದ್ದು. ನಿಗಾ ಬೇಕಾಗಿರುವುದು ಅವರಿಗೆ. ಗುಂಪಿನ ಬಹುಪಾಲು ಬೇರೆ ಜೀನ್‌ಗಳಾದರೆ ಈ ವ್ಯತ್ಯಾಸ ಇಲ್ಲ, ಯಾರಿಂದ ಬಂದರೂ ಒಂದೇ.

ಮದುವೆಯ ಬಗ್ಗೆ ನಾನು ನೇರವಾಗಿಯೇ ಹೇಳುತ್ತೇನೆ. ಸಂಬಂಧ ಮುರಿಯಿರಿ ಎನ್ನುತ್ತಿಲ್ಲ. ಲಗ್ನಪತ್ರಿಕೆ ಬರೆಸುವ ಮೊದಲು ನಿಮ್ಮ ತಾಯಿಯ ರಕ್ತದಲ್ಲಿ ಜೀನ್ ಪರೀಕ್ಷೆ ಆಗಲಿ. ಅಲ್ಲಿ ಏನೂ ಸಿಗದಿದ್ದರೆ ಆತಂಕ ಬಹುಪಾಲು ಅಲ್ಲಿಗೇ ಕಳೆಯುತ್ತದೆ. ಸಿಕ್ಕರೆ ಮಾವ, ಮಾವನ ಮಗ, ನಿಮ್ಮ ತಂಗಿ ಪರೀಕ್ಷೆ ಮಾಡಿಸಿಕೊಳ್ಳಲಿ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ಮದುವೆಗೆ ಅಡ್ಡಿಯಿಲ್ಲ, ಇರುವವರು ಕ್ರಮವಾಗಿ ಸ್ಕ್ಯಾನ್ ಮಾಡಿಸುತ್ತಿದ್ದರಾಯಿತು. ಇಬ್ಬರಿಗೂ ಒಂದೇ ಬದಲಾವಣೆ ಇದ್ದರೆ ಮಗುವಿಗೆ ಎರಡೂ ಕಡೆಯಿಂದ ಅದೇ ಬರುವ ಸಂಭವ ನಾಲ್ಕರಲ್ಲಿ ಒಂದು, ಅಂಥ ಮಗುವಿಗೆ ಹುಟ್ಟಿನಿಂದಲೇ ತೀವ್ರ ಕಾಯಿಲೆ ಬರಬಹುದು. ಅದನ್ನು ತಿಳಿದುಕೊಂಡು ನಿರ್ಧರಿಸುವ ಹಕ್ಕು ಆ ಹುಡುಗ ಹುಡುಗಿಯದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಬಿಡಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್‌ಗಳಿದ್ದಾರೆ. ನೆಂಟರಿಷ್ಟರ ಕಿವಿಗೆ ಬಿದ್ದರೆ ಏನಂದಾರು ಎಂದು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಚಿಕಿತ್ಸೆ ತಪ್ಪುವುದು ನಿಮ್ಮ ಮಾವನಿಗೇ.

ಹಾಗೆಯೇ ಅಮ್ಮನಿಗೂ ಹೇಳಿ. ಗಡ್ಡೆ ಅವರ ತಲೆಯಲ್ಲಿದೆ, ಸದ್ದು ಕೇಳುತ್ತಿರುವುದು ಅವರಿಗೆ, ದನಿಯೋ ಗಂಟಲೋ ಕೆಟ್ಟರೆ ಮೊದಲು ಗೊತ್ತಾಗುವುದೂ ಅವರಿಗೇ. ಏನನ್ನು ಗಮನಿಸಬೇಕು ಎಂದು ತಿಳಿಯದವರು ಗಮನಿಸುವುದು ಹೇಗೆ? ‘ಕಿವಿಯ ಆಚೆ ರಕ್ತನಾಳದ ಹತ್ತಿರ ಒಂದು ಗಡ್ಡೆ ಇದೆ, ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ, ಈಗ ಕೊಯ್ಯಬೇಕಿಲ್ಲದೆಯೂ ಇರಬಹುದು’ ಎಂದು ಹೇಳಿದರೆ ಅವರು ಹೆದರುವುದಕ್ಕಿಂತ ನಿರಾಳವಾಗುತ್ತಾರೆ ಎಂದೇ ನನ್ನ ಎಣಿಕೆ. ಮೂರು ವರ್ಷದಿಂದ ಒಬ್ಬರೇ ಕೇಳಿಸಿಕೊಳ್ಳುತ್ತಿರುವ ಸದ್ದಿಗೆ ಒಂದು ಕಾರಣವಾದರೂ ಸಿಗುತ್ತದಲ್ಲ.

ಖರ್ಚಿನ ಮಾತು ನೀವು ಎತ್ತಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವು, ಎಪಿಎಲ್ ಆದರೆ ಪ್ಯಾಕೇಜಿನ ಶೇ. 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ರೆಫರಲ್ ಪತ್ರ ಮಾಡಿಸಿಕೊಂಡು, ಅಲ್ಲಿನ ಆರೋಗ್ಯಮಿತ್ರರನ್ನು ಕಂಡು, ಯಾವ ಚಿಕಿತ್ಸೆ ಯೋಜನೆಯೊಳಗೆ ಬರುತ್ತದೆ ಎಂದು ಮೊದಲೇ ವಿಚಾರಿಸಿ. ಬೆಂಗಳೂರಿಗೆ ಹೋಗುವಾಗ ಸ್ಕ್ಯಾನಿನ ವರದಿ ಹಾಳೆ ಮಾತ್ರ ಸಾಲದು, ಚಿತ್ರಗಳಿರುವ ಸಿ.ಡಿ. ಕೂಡ ಒಯ್ಯಿರಿ.

ಈ ವಾರ ಮೆಟಾನೆಫ್ರಿನ್ ಪರೀಕ್ಷೆಗೆ ಕೊಡಿಸಿ, ಮಾವನನ್ನು ಸ್ಕ್ಯಾನಿಗೆ ಹೊರಡಿಸಿ. ಎರಡರ ವರದಿಯೂ ಬಂದ ಮೇಲೆ ನಿಮ್ಹಾನ್ಸ್‌ಗೆ ಹೋಗಿ ತೋರಿಸಿ, ಅಲ್ಲಿ ಏನು ಹೇಳಿದರು ಎಂದು ನನಗೂ ಒಂದು ಸಾಲು ಬರೆಯಿರಿ.